ಎರಡು ಕಡೆ ಕುದಿತ, ಉಳಿದೆಡೆ ಮೌನ: ಒಂದು ಎಸ್‌ಟಿಪಿಯ ಡಿಫ್ಯೂಸರ್ ಪ್ರಕರಣ

ಆ ಅಪಾರ್ಟ್‌ಮೆಂಟಿನವರು ನನ್ನನ್ನು ಕರೆದದ್ದು ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ನೋಡಲಿಕ್ಕೆ ಅಲ್ಲ. ಹತ್ತು ಎಚ್‌ಪಿಯ ಹೊಸ ಬ್ಲೋವರ್, ಅಂದರೆ ಆ ಘಟಕಕ್ಕೆ ಗಾಳಿ ಊದುವ ಯಂತ್ರ, ಕೊಳ್ಳುವುದೆಂದು ಕಮಿಟಿ ಆಗಲೇ ತೀರ್ಮಾನಿಸಿಯಾಗಿತ್ತು. ಅದಕ್ಕೊಬ್ಬ ಇಂಜಿನಿಯರ್ ಸಹಿ ಬೇಕಿತ್ತು, ಅಷ್ಟೇ. ಬೆಂಗಳೂರಿನ ಹೊರವರ್ತುಲ ರಸ್ತೆಯಾಚೆ 240 ಮನೆಗಳು. ದಿನಕ್ಕೆ 150 ಸಾವಿರ ಲೀಟರ್ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ ನೆಲಮಾಳಿಗೆಯಲ್ಲಿದೆ. ಶುದ್ಧವಾದ ನೀರು ಮತ್ತೆ ಮೇಲೆ ಹೋಗಿ ಟಾಯ್ಲೆಟ್ ಫ್ಲಶ್‌ಗೂ ತೋಟಕ್ಕೂ ಬಳಕೆಯಾಗುತ್ತದೆ. ಎರಡು ತಿಂಗಳಿಂದ ಆ ಫ್ಲಶ್ ನೀರು ಹಳದಿಗೆ ತಿರುಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಮನೆಗೆ ಬಂದ ನೆಂಟರ ಮುಂದೆ ಮಾನ ಹೋಗುತ್ತಿದೆ ಎಂದು ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ.

"ನೋಡಿ ಮೇಡಂ, ಗಾಳಿ ಸಾಲ್ತಾ ಇಲ್ಲ ಅಂತ ನಿರ್ವಹಣೆ ಕಂಪನಿಯವರೇ ಹೇಳಿದಾರೆ. ಈಗಿರೋದು ಏಳೂವರೆ ಎಚ್‌ಪಿ. ಹತ್ತು ಹಾಕಿಸಿಬಿಡೋಣ," ಎಂದರು ಅಧ್ಯಕ್ಷರು. ನಿವೃತ್ತ ಬ್ಯಾಂಕ್ ಅಧಿಕಾರಿ, ಲೆಕ್ಕದ ಮನುಷ್ಯ. ಗಾಳಿ ಸಾಲುತ್ತಿಲ್ಲ ಎಂಬ ಮಾತು ನಿಜವೇ ಆಗಿತ್ತು. ಬ್ಯಾಕ್ಟೀರಿಯಾ ಕೊಳೆ ತಿನ್ನಲೆಂದು ಗಾಳಿ ಊದುವ ಏರೇಷನ್ ಟ್ಯಾಂಕಿನ ನೀರಿಗೆ ಡಿಒ ಮೀಟರ್ ಇಳಿಬಿಟ್ಟಾಗ ಕರಗಿದ ಆಮ್ಲಜನಕ ಲೀಟರಿಗೆ 0.4 ಮಿಲಿಗ್ರಾಂ ತೋರಿಸಿತು. ಅಲ್ಲಿ 2 ಇರಬೇಕು. ಸ್ಲಡ್ಜ್ (ಆ ಬ್ಯಾಕ್ಟೀರಿಯಾ ತುಂಬಿದ ಕೆಸರು) ಚಾಕೊಲೇಟ್ ಕಂದು ಬಣ್ಣದಲ್ಲಿರಬೇಕಿತ್ತು, ಗ್ರೀಸಿನ ಹಾಗೆ ಕಪ್ಪಾಗಿತ್ತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯೇ ತೆಳು. ಮಂಗಳೂರಿನಲ್ಲಿ 25 ಡಿಗ್ರಿಯ ಶುದ್ಧ ನೀರು ಲೀಟರಿಗೆ 8.2 ಮಿಲಿಗ್ರಾಂವರೆಗೆ ಆಮ್ಲಜನಕ ಹಿಡಿದಿಟ್ಟುಕೊಂಡರೆ ಬೆಂಗಳೂರಿನಲ್ಲಿ ಅದು 7.4ರ ಆಸುಪಾಸಿಗೇ ನಿಲ್ಲುತ್ತದೆ. ಆದರೆ ಈ ಘಟಕ ಇದೇ ಬೆಂಗಳೂರಿನಲ್ಲಿ, ಇದೇ ಬ್ಲೋವರಿನಿಂದ, ಏಳು ವರ್ಷ ಸರಿಯಾಗಿ ನಡೆದಿತ್ತು. ಮನೆಗಳ ಸಂಖ್ಯೆಯೂ ಹೆಚ್ಚಿರಲಿಲ್ಲ. ಹಾಗಾದರೆ ಅದೇ ಗಾಳಿ ಈಗೇಕೆ ಸಾಲದು?

ಸಹಿ ಹಾಕುವ ಮೊದಲು ಲಾಗ್ ಪುಸ್ತಕ ಕೇಳಿದೆ. ಬ್ಲೋವರ್ ಪ್ರೆಶರ್ ಕಾಲಂನಲ್ಲಿ ಗಂಟೆಗೊಮ್ಮೆ 0.4, 0.4, 0.4. ಮೂರು ವರ್ಷದ ಪುಸ್ತಕಗಳಲ್ಲೂ ಅದೇ. ಇಷ್ಟು ಶಿಸ್ತಿನ ಯಂತ್ರ ಎಲ್ಲೂ ಇರುವುದಿಲ್ಲ. ಬ್ಲೋವರ್ ನಿಲ್ಲಿಸಿ ಅಂದೆ. ನಿಲ್ಲಿಸಿದರು. ಗೇಜಿನ ಮುಳ್ಳು ಅಲ್ಲಾಡಲಿಲ್ಲ, 0.4ರಲ್ಲೇ ಇತ್ತು. ಆಪರೇಟರ್ ಯಾದಗಿರಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ತಲೆ ಕೆರೆದುಕೊಂಡು, "ನಾ ಬಂದಾಗಿಂದ ಹಿಂಗೇ ಅದ ರೀ. ಮುಳ್ಳು ಎಲ್ಲಿ ಅದನೋ ಅದನ್ನೇ ಬರ್ದೀನಿ," ಅಂದ. ಅವನದೇನೂ ತಪ್ಪಿರಲಿಲ್ಲ.

ಹತ್ತಿರದ ಅಂಗಡಿಯಿಂದ ಗ್ಲಿಸರಿನ್ ತುಂಬಿದ ಹೊಸ ಗೇಜ್ ತರಿಸಿ ಹಾಕಿದೆವು. ಓದಿದ್ದು ಚದರ ಸೆಂಟಿಮೀಟರಿಗೆ 0.53 ಕೆಜಿ. ಇಡೀ ಪ್ರಕರಣದ ಗಂಟು ಈ ಒಂದು ಅಂಕಿಯಲ್ಲಿತ್ತು.

ರಬ್ಬರಿನ ತುಟಿಗಳು

ಈ ಅಂಕಿ ಏನು ಹೇಳುತ್ತದೆಂದು ತಿಳಿಯಲು ಟ್ಯಾಂಕಿನ ತಳದಲ್ಲಿ ಏನಿದೆ ಎಂದು ನೋಡಬೇಕು. ನೀರಿನ ಆಳ 4 ಮೀಟರ್. ತಳದಿಂದ ಒಂದಡಿ ಮೇಲೆ ಆರು ಚೌಕಟ್ಟುಗಳು, ಒಂದೊಂದರಲ್ಲೂ ಗಾಳಿಯನ್ನು ಗುಳ್ಳೆಯಾಗಿ ನೀರಿಗೆ ಬಿಡುವ ಆರು ಕೊಳವೆ ಡಿಫ್ಯೂಸರುಗಳು. ಒಟ್ಟು 36. ಪ್ರತಿ ಕೊಳವೆ ಒಂದು ಮೀಟರ್ ಉದ್ದ, 63 ಮಿ.ಮೀ. ದಪ್ಪ. ಒಳಗೆ ಗಟ್ಟಿ ಪ್ಲಾಸ್ಟಿಕ್ ಪೈಪು, ಅದರ ಮೇಲೆ ಕಾಲಿಗೆ ಸಾಕ್ಸ್ ಹಾಕಿದಂತೆ ಇಪಿಡಿಎಂ ರಬ್ಬರಿನ ತೆಳು ತೋಳು, ಎರಡೂ ತುದಿಗೆ ಕ್ಲಾಂಪು. ಆ ರಬ್ಬರಿನ ತುಂಬ ಹೆಚ್ಚುಕಡಿಮೆ ಒಂದು ಮಿ.ಮೀ. ಉದ್ದದ ಸಾವಿರಾರು ಸೀಳುಗಳು. ಇವು ತೂತುಗಳಲ್ಲ, ಸೀಳುಗಳು. ಬ್ಲೋವರ್ ಗಾಳಿ ತಳ್ಳಿದಾಗ ರಬ್ಬರ್ ಪೈಪನ್ನು ಬಿಟ್ಟು ಉಬ್ಬುತ್ತದೆ, ಸೀಳುಗಳು ತುಟಿಯಂತೆ ತೆರೆದು ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಉಗುಳುತ್ತವೆ. ಗಾಳಿ ನಿಂತರೆ ನೀರಿನ ಒತ್ತಡಕ್ಕೆ ರಬ್ಬರ್ ಪೈಪಿಗೆ ಅಂಟಿ, ತುಟಿ ಮುಚ್ಚಿಕೊಂಡು, ಕೊಳಚೆ ಒಳಗೆ ಬರದಂತೆ ತಡೆಯುತ್ತದೆ. ಹಿಂದಿನ ಕಾಲದ ಪಿಂಗಾಣಿ ಡಿಫ್ಯೂಸರುಗಳಿಗೆ ಈ ಗುಣ ಇರಲಿಲ್ಲ. ಗಾಳಿ ನಿಂತಾಗಲೆಲ್ಲ ಅವುಗಳ ರಂಧ್ರಕ್ಕೆ ಕೊಳಚೆ ನುಗ್ಗಿ ಕೂರುತ್ತಿತ್ತು.

ಗುಳ್ಳೆ ಸಣ್ಣದಿರಬೇಕು ಏಕೆಂದರೆ ಆಮ್ಲಜನಕ ನೀರಿಗೆ ದಾಟುವುದು ಗುಳ್ಳೆಯ ಮೈಯಿಂದ. ನಿಂಬೆಹಣ್ಣಿನಷ್ಟು ದೊಡ್ಡ ಒಂದು ಗುಳ್ಳೆಯ ಗಾಳಿಯನ್ನೇ ಸಾಸಿವೆ ಕಾಳಿನ ಗಾತ್ರಕ್ಕೆ ಒಡೆದರೆ ಸುಮಾರು 8000 ಗುಳ್ಳೆ ಆಗುತ್ತವೆ. ಗಾಳಿ ಅಷ್ಟೇ, ಒಟ್ಟು ಮೈ ಮಾತ್ರ 20 ಪಟ್ಟು. ಮೇಲಾಗಿ ಸಾಸಿವೆ ಗುಳ್ಳೆ ನಿಧಾನಕ್ಕೆ ಏರುತ್ತದೆ. ಈ ಆಳದಿಂದ ಮೇಲೆ ಬರಲು ಅದಕ್ಕೆ ಹತ್ತು ಹದಿನೈದು ಸೆಕೆಂಡು ಬೇಕು. ದೊಡ್ಡದು ಅಷ್ಟು ಹೊತ್ತು ಕಾಯುವುದಿಲ್ಲ, ಗುಳುಗುಳು ಎಂದು ಮೇಲೆ ಬಂದು ಒಡೆದು ಹೋಗುತ್ತದೆ.

ಈಗ ಲೆಕ್ಕ. ಡಿಫ್ಯೂಸರ್ ಮೇಲೆ ನಿಂತ 3.7 ಮೀಟರ್ ನೀರನ್ನು ತಳ್ಳಲಿಕ್ಕೇ 0.37 ಕೆಜಿ ಬೇಕು. ಪೈಪಿನಲ್ಲಿ ಒಂಚೂರು, ರಬ್ಬರಿನ ತುಟಿ ತೆರೆಯಲು ಒಂಚೂರು. ಘಟಕ ಶುರುವಾದ ದಿನದ ವರದಿಯಲ್ಲಿ 0.43 ಇತ್ತು. ಅಂದರೆ ಆಗ ಪೈಪು, ರಬ್ಬರು ಎರಡೂ ಸೇರಿ ನುಂಗುತ್ತಿದ್ದದ್ದು 0.06. ಈಗ 0.16 ನುಂಗುತ್ತಿವೆ. ಇದು ಟ್ವಿನ್ ಲೋಬ್ ಬ್ಲೋವರ್. ಎದುರೊತ್ತಡ ಎಷ್ಟೇ ಇರಲಿ, ತಾನು ಹಿಡಿದ ಗಾಳಿಯನ್ನು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹಟದಿಂದ ತಳ್ಳುತ್ತದೆ, ಬದಲಿಗೆ ಕರೆಂಟು ಹೆಚ್ಚು ಎಳೆಯುತ್ತದೆ. ಕ್ಲಿಪ್ ಮೀಟರ್ ಹಾಕಿದಾಗ 10.2 ಆಂಪಿಯರ್ ಬಂತು. ಬ್ಲೋವರ್ ಸೋತಿರಲಿಲ್ಲ. ಗಾಳಿ ಹೊರಟ ಜಾಗದಿಂದ ಹೊರಟೇ ಇತ್ತು, ಸೇರಬೇಕಾದ ಹಾಗೆ ನೀರಿಗೆ ಸೇರುತ್ತಿರಲಿಲ್ಲ.

ನೀರಿನ ಮೇಲಿನ ನಕ್ಷೆ

"ಮೇಡಂ, ಅಲ್ಲಿ ನೋಡ್ರಿ. ಆ ಎರಡು ಕಡಿ ಅಷ್ಟ ಕುದಿಲಾಕತ್ತದ. ಉಳಿದಿದ್ದೆಲ್ಲ ಸುಮ್ನ ನಿಂತದ."

ಹುಡುಗ ತೋರಿಸಿದ್ದು ಸರಿಯಾಗಿತ್ತು. ಟ್ಯಾಂಕಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 36 ಗೆರೆ ಎಳೆದು, ಒಂದೊಂದು ಕೊಳವೆಯ ಮೇಲೆ ನೀರು ಹೇಗಿದೆ ಎಂದು ಗುರುತು ಹಾಕಿದೆವು. ಎರಡನೇ ಮತ್ತು ಐದನೇ ಚೌಕಟ್ಟಿನಲ್ಲಿ ಒಂದೊಂದು ಕೊಳವೆಯ ಮೇಲೆ ಅನ್ನದ ಎಸರು ಉಕ್ಕಿದಂತೆ ದೊಡ್ಡ ಗುಳ್ಳೆ. ಅದೇ ಚೌಕಟ್ಟಿನ ಉಳಿದ ಐದೈದು ಕೊಳವೆಗಳ ಮೇಲೆ ಹೆಚ್ಚುಕಡಿಮೆ ಏನೂ ಇಲ್ಲ, ಕಪ್ಪು ನೀರು, ತೇಲುವ ನೊರೆ. ಮಿಕ್ಕ ನಾಲ್ಕು ಚೌಕಟ್ಟುಗಳಲ್ಲಿ ಗುಳ್ಳೆ ಇತ್ತು, ಆದರೆ ಸಾಸಿವೆಯಲ್ಲ, ಕಡಲೆ ಗಾತ್ರದ್ದು. ನನ್ನ ಮಟ್ಟಿಗೆ ಯಾವ ಪ್ರಯೋಗಾಲಯದ ವರದಿಗಿಂತಲೂ ಈ ಸೀಮೆಸುಣ್ಣದ ನಕ್ಷೆ ಹೆಚ್ಚಿನದು. ಬ್ಲೋವರ್ ಕೋಣೆಯಲ್ಲಿ ಕೂತು ಎಸ್‌ಟಿಪಿ ನೋಡುವವರು ಹತ್ತು ಹೆಜ್ಜೆ ನಡೆದು ನೀರನ್ನೇ ನೋಡುವುದಿಲ್ಲ.

ಕುದಿತ ಎಂದರೆ ರಬ್ಬರ್ ಹರಿದಿದೆ, ಇಲ್ಲವೇ ಕ್ಲಾಂಪ್ ಬಿಚ್ಚಿದೆ. ಅದನ್ನು ಮೊದಲು ಸರಿಮಾಡೋಣ ಅಂದೆ. ಇಲ್ಲಿ ನಾನೇ ಎಡವಿದ್ದು.

ಅದೃಷ್ಟಕ್ಕೆ ಈ ಚೌಕಟ್ಟುಗಳು ತಳಕ್ಕೆ ಬೋಲ್ಟ್ ಹಾಕಿ ಕೂರಿಸಿದವಲ್ಲ. ಬಗ್ಗುವ ಹೋಸಿನಿಂದ ಗಾಳಿ ಬರುತ್ತದೆ, ನೈಲಾನ್ ಹಗ್ಗ ಕಟ್ಟಿದೆ, ಚೈನ್ ಪುಲ್ಲಿಯಿಂದ ಮೇಲಕ್ಕೆ ಎಳೆಯಬಹುದು. ಹಾಗಿಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ ಯಾರನ್ನಾದರೂ ಇಳಿಸಿಬಿಡೋಣ ಎನ್ನುವ ಮಾತು ಬರುತ್ತದೆ. ಈ ನಗರದಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆಂದು ನೋಡಿ ನನಗೆ ಭಯವಾಗಿದೆ. ಸ್ಲಡ್ಜ್ ಕದಡಿದರೆ ಏಳುವ ಹೈಡ್ರೋಜನ್ ಸಲ್ಫೈಡ್ ಮೂಗಿನ ವಾಸನೆಯ ಶಕ್ತಿಯನ್ನೇ ಮೊದಲು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಮಲದ ಗುಂಡಿಗೂ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆನ್ನುತ್ತದೆ. ಕಟ್ಟೆಯ ಮೇಲಿಂದ ಮಾಡಲಾಗದ ಕೆಲಸ ಈ ಪ್ರಕರಣದಲ್ಲಿ ಇಲ್ಲ ಎಂದು ಮೊದಲ ದಿನವೇ ಬರೆದು ಕೊಟ್ಟೆ.

ಎರಡನೇ ಚೌಕಟ್ಟು ಮೇಲೆ ಬಂತು. ಕ್ಲಾಂಪ್ ಸ್ಟೇನ್‌ಲೆಸ್ ಅಲ್ಲ, ಸಾದಾ ಕಬ್ಬಿಣದ್ದು. ತುಕ್ಕು ಹಿಡಿದು ತುಂಡಾಗಿತ್ತು. ರಬ್ಬರಿನ ತೋಳು ನಾಲ್ಕು ಬೆರಳಷ್ಟು ಜಾರಿ, ಗಾಳಿಯ ತೂತು ಬಯಲಾಗಿತ್ತು. ಐದನೆಯದೂ ಹಾಗೇ. ಇತ್ತೀಚೆಗೆ ಯಾವಾಗಲೋ ದುರಸ್ತಿಯಲ್ಲಿ ಕಾಸು ಉಳಿಸಿದವರು ಇರಬೇಕು. ಎರಡಕ್ಕೂ ಸ್ಟೇನ್‌ಲೆಸ್ ಕ್ಲಾಂಪ್ ಬಿಗಿದು, ಮಿಕ್ಕ ಕೊಳವೆಗಳ ಹೊರಮೈಗೆ ನೀರು ಹೊಡೆದು, ಇಳಿಸಿದೆವು. ಬ್ಲೋವರ್ ಚಾಲೂ ಮಾಡಿದೆವು.

ಪ್ರೆಶರ್ 0.55ಕ್ಕೆ ಏರಿ ಸೇಫ್ಟಿ ವಾಲ್ವ್ ಕುಕ್ಕರಿನಂತೆ ಸೀಟಿ ಹಾಕಿತು. ಗಾಳಿ ಟ್ಯಾಂಕಿಗೆ ಹೋಗುವ ಬದಲು ಬ್ಲೋವರ್ ಕೋಣೆಗೇ ನುಗ್ಗತೊಡಗಿತು. ಸಂಜೆಗೆ ಡಿಒ 0.2. ಅಧ್ಯಕ್ಷರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಹತ್ತು ಎಚ್‌ಪಿಯ ಕೊಟೇಶನ್ ಅವರ ಕೈಯಲ್ಲೇ ಇತ್ತು.

ಆಗ ಅರ್ಥವಾಯಿತು. ಇಲ್ಲಿ ಎರಡು ರೋಗಗಳಿದ್ದವು, ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು. ಬಿಚ್ಚಿದ ಎರಡು ಕೊಳವೆಗಳು ಕಳ್ಳಗಿಂಡಿಗಳಾಗಿ, ಕಟ್ಟಿಕೊಂಡಿದ್ದ ಉಳಿದ ಕೊಳವೆಗಳ ಒತ್ತಡವನ್ನು ಇಳಿಸುತ್ತಿದ್ದವು. ಕಳ್ಳಗಿಂಡಿ ಮುಚ್ಚಿದ ಕೂಡಲೆ ಕಟ್ಟಿಕೊಂಡದ್ದು ಪೂರ್ತಿ ಬಯಲಾಯಿತು. ಲಾಗ್ ಪುಸ್ತಕದಲ್ಲಿ ನಿಜವಾದ ಅಂಕಿ ಇದ್ದಿದ್ದರೆ, ಒತ್ತಡ ವರ್ಷಗಟ್ಟಲೆ ಮೆಲ್ಲಗೆ ಏರಿ ಒಂದು ದಿನ ಧುತ್ತನೆ ಇಳಿದದ್ದು ಕಾಣುತ್ತಿತ್ತು, ಕ್ಲಾಂಪ್ ಮುರಿದ ದಿನವೇ ಸಿಗುತ್ತಿತ್ತು.

ಬುಸ್ಸೆಂದ ಬಿಳಿ

ಮಾರನೆಯ ದಿನ ಮೊದಲನೇ ಚೌಕಟ್ಟು ಎತ್ತಿದೆವು. ರಬ್ಬರಿನ ಮೇಲೆ ಕಂದು ಲೋಳೆ. ಅದನ್ನು ಬಟ್ಟೆಯಿಂದ ಒರೆಸಿದಾಗ ಕೆಳಗೆ, ಪ್ರತಿ ಸೀಳಿನ ಸುತ್ತ, ಬಿಳಿಯ ಕಟ್ಟೆ ಕಂಡಿತು. ಗೀಸರಿನ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ. ಒಂದು ಹನಿ ಆಸಿಡ್ ಬಿಟ್ಟೆ, ಬುಸ್ಸೆಂದು ನೊರೆ ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್, ಅನುಮಾನವೇ ಇಲ್ಲ.

ಈ ಸಮುಚ್ಚಯಕ್ಕೆ ಕಾವೇರಿ ನೀರು ಇಲ್ಲ, ಬೋರ್‌ವೆಲ್ ಮತ್ತು ಟ್ಯಾಂಕರ್. ಗಡಸು ನೀರು. ಸೀಳಿನ ಬಾಯಲ್ಲಿ ಗಾಳಿ ಹೊರಡುವಾಗ ಎರಡು ಕೆಲಸ ನಡೆಯುತ್ತದೆ. ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡನ್ನು ಗಾಳಿ ಹೊತ್ತೊಯ್ಯುತ್ತದೆ, ಅದರಿಂದ ಅಷ್ಟೇ ಜಾಗದಲ್ಲಿ ಪಿಎಚ್ ಏರಿ ಸುಣ್ಣ ಹೊರಬೀಳುತ್ತದೆ. ಜತೆಗೆ ಬ್ಲೋವರಿನ ಬಿಸಿ, ಒಣ ಗಾಳಿ ಸೀಳಿನ ಅಂಚಿನ ತೇವವನ್ನು ಆರಿಸುತ್ತದೆ. ದಿನಕ್ಕೊಂದು ಧೂಳಿನಷ್ಟು ಸುಣ್ಣ ಕೂತರೂ ಏಳು ವರ್ಷಕ್ಕೆ ತುಟಿ ಬಿಗಿಯುತ್ತದೆ. ಅರ್ಧ ಸೀಳು ಮುಚ್ಚಿದರೆ ಮಿಕ್ಕ ಅರ್ಧದಿಂದ ಇಮ್ಮಡಿ ಗಾಳಿ ಹೋಗಬೇಕು, ಗುಳ್ಳೆ ದೊಡ್ಡದಾಗುತ್ತದೆ. ಸಾಸಿವೆ ಕಡಲೆಯಾದದ್ದು ಹೀಗೆ.

ಕ್ಲಾಂಪುಗಳನ್ನು ಬಿಚ್ಚಿ, ಹಿಂದಿನ ಕಾಂಪೌಂಡಿನ ಬಯಲಿನಲ್ಲಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ಡಿನ ತೊಟ್ಟಿಯಲ್ಲಿ ತೋಳುಗಳನ್ನು ನೆನೆಸಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದರು. ತಂತಿ ಬ್ರಷ್ ತಂದಿದ್ದವನನ್ನು ಹಿಂದಕ್ಕೆ ಕಳಿಸಿದೆ. ಬಳಸಿದ ಆಸಿಡ್ಡಿಗೆ ಸುಣ್ಣ ಹಾಕಿ ತಟಸ್ಥ ಮಾಡಿದ ಮೇಲೆಯೇ ಚೆಲ್ಲಿದ್ದು. ದಿನಕ್ಕೊಂದು ಚೌಕಟ್ಟು. ಉಳಿದ ಐದು ನಡೆಯುತ್ತಿದ್ದವು. ಆರು ದಿನ ಮುಗಿದ ಮೇಲೆ ಗೇಜ್ 0.48 ತೋರಿಸಿತು. ನಾಲ್ಕು ಚೌಕಟ್ಟುಗಳ ಮೇಲೆ ಹಾಲಿನಂತೆ ನುಣ್ಣನೆಯ ಗುಳ್ಳೆ. ಎರಡನೆಯದೂ ಐದನೆಯದೂ ಮಾತ್ರ ಹಾಗೇ ಸತ್ತು ಮಲಗಿದ್ದವು. ಅವನ್ನೂ ಆಸಿಡ್ಡಿನಲ್ಲಿ ತೊಳೆದಿತ್ತಲ್ಲ!

ಕೇಳಿದಾಗ ಗೊತ್ತಾಯಿತು: ಆ ಎರಡು ಚೌಕಟ್ಟುಗಳಲ್ಲಿ ತೋಳು ಪೈಪಿಗೆ ಅಂಟಿಕೊಂಡು ಬಿಚ್ಚಲು ಬರಲಿಲ್ಲ, ಹಾಗಾಗಿ ಪೈಪಿನ ಸಮೇತ ಮುಳುಗಿಸಿದ್ದರು. ಏಕೆ ಅಂಟಿತು? ಒಂದು ತೋಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿಸಿದೆ. ರಬ್ಬರಿಗೂ ಪೈಪಿಗೂ ನಡುವೆ ಕಪ್ಪು ಕೆಸರು, ಅಂಚಿನಲ್ಲಿ ಹಪ್ಪಳದಂತೆ ಒಣಗಿ, ನಡುವೆ ಇನ್ನೂ ಹಸಿ. ಬೆರಳಿನಿಂದ ಒತ್ತಿದರೆ ಸೀಳುಗಳ ಒಳಬದಿಯಿಂದ ಕೂದಲೆಳೆಯಂತೆ ಹೊರಬಂತು. ಕೊಳೆ ಹೊರಗಿಂದ ಕೂತದ್ದಲ್ಲ, ಒಳಗಿಂದ ತುಂಬಿದ್ದು. ಹೊರಗೆ ಎಷ್ಟು ಉಜ್ಜಿದರೇನು?

ದಾರಿ ಸ್ಪಷ್ಟವಾಗಿತ್ತು. ಒಂದು ಚೌಕಟ್ಟಿನ ಆರೂ ಕೊಳವೆಗಳಿಗೆ ತಳದಲ್ಲಿ ಒಂದೇ ಪೈಪು. ಬ್ಲೋವರ್ ನಿಂತಾಗ ಐದು ಕೊಳವೆಗಳ ತುಟಿ ಮುಚ್ಚಿಕೊಂಡರೂ, ಜಾರಿದ ಆರನೆಯದರಿಂದ ಕೊಳಚೆ ಒಳನುಗ್ಗಿ ಇಡೀ ಪೈಪನ್ನು ತುಂಬುತ್ತದೆ. ಮತ್ತೆ ಗಾಳಿ ಬಂದಾಗ ನೀರು ಹೇಗೋ ಹೊರಹೋಗುತ್ತದೆ, ಸ್ಲಡ್ಜ್ ಒಳಗೇ ಉಳಿದು ಒಣಗುತ್ತದೆ. ಮತ್ತೆ ನಿಂತಾಗ ಇನ್ನೊಂದು ಪದರ. ಪಕ್ಕದ ಚೌಕಟ್ಟುಗಳಿಗೆ ಇದು ದಾಟಲಿಲ್ಲ, ಏಕೆಂದರೆ ಎಲ್ಲ ಚೌಕಟ್ಟುಗಳಿಗೂ ಗಾಳಿ ಹಂಚುವ ಮುಖ್ಯ ಪೈಪು (ಹೆಡರ್) ನೀರಿನ ಮಟ್ಟಕ್ಕಿಂತ ಮೇಲಿತ್ತು.

ಹಾಗಾದರೆ ಬ್ಲೋವರ್ ಎಷ್ಟು ಸಲ ನಿಲ್ಲುತ್ತಿತ್ತು? ಇಲ್ಲಿ ಆಪರೇಟರ್ ಹುಡುಗ ಕೊಂಚ ಅಳುಕಿ ಹೇಳಿದ: "ರಾತ್ರಿ 11ಕ್ಕೆ ಬಂದ್ ಮಾಡ್ತೀವಿ ರೀ. ಕೆಳಗಿನ ಮನಿಯವ್ರಿಗೆ ಸಪ್ಳ ಆಗ್ತದಂತ. ಮುಂಜಾನಿ 5ಕ್ಕ ಚಾಲೂ." ಜತೆಗೆ ಕರೆಂಟು ಹೋದಾಗ ಲಿಫ್ಟಿಗೆ ಜನರೇಟರ್ ಇತ್ತು, ಎಸ್‌ಟಿಪಿಗೆ ಇರಲಿಲ್ಲ. ಡೀಸೆಲ್ ಉಳಿತಾಯ. ದಿನಕ್ಕೆ ಆರು ಗಂಟೆ ಉಸಿರಿಲ್ಲದ ಸ್ಲಡ್ಜ್, ಪ್ರತಿ ನಿಲುಗಡೆಗೂ ಒಂದು ಗುಟುಕು ಕೆಸರು.

ಬ್ಲೋವರ್ ಬೇಡ

ಹತ್ತು ಎಚ್‌ಪಿ ಹಾಕಿದ್ದರೆ ಏನಾಗುತ್ತಿತ್ತು? ಕಟ್ಟಿದ ಸೀಳುಗಳು ತೆರೆಯುತ್ತಿರಲಿಲ್ಲ. ತೆರೆದಿದ್ದ ಕೆಲವೇ ಸೀಳುಗಳಿಂದ ಇನ್ನಷ್ಟು ಗಾಳಿ ನುಗ್ಗಿ, ಗುಳ್ಳೆ ಇನ್ನೂ ದಪ್ಪವಾಗಿ, ಗಟ್ಟಿಯಾಗಿದ್ದ ರಬ್ಬರ್ ಹರಿದು, ಕುದಿಯುವ ಜಾಗ ಎರಡರ ಬದಲು ಆರಾಗುತ್ತಿತ್ತು. ಇಂಥ ಘಟಕದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗುವುದು ಗಾಳಿಯೇ. ಬಿಲ್ ಅಂತೂ ಖಂಡಿತ ಏರುತ್ತಿತ್ತು. ಇದನ್ನು ಅಧ್ಯಕ್ಷರಿಗೆ ಸೀಳಿದ ರಬ್ಬರ್ ತೋರಿಸಿಯೇ ಹೇಳಿದೆ. ಅವರು ಕೆಸರನ್ನು ನೋಡಿ, ಕೊಟೇಶನ್ನನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ನನ್ನ ಸಲಹೆ 36 ತೋಳುಗಳನ್ನೂ ಬದಲಿಸಿ ಎಂದಿತ್ತು. ಇಪಿಡಿಎಂಗೆ ಮೆತ್ತಗೆ ಇರಲೆಂದು ಬೆರೆಸಿದ ಎಣ್ಣೆ ವರ್ಷ ಕಳೆದಂತೆ ನೀರಿಗೆ ಇಳಿದುಹೋಗುತ್ತದೆ. ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ. ಐದರಿಂದ ಹತ್ತು ವರ್ಷ ಬಾಳಿದರೆ ಅದರ ಋಣ ತೀರಿದಂತೆ. ಆಸಿಡ್ ಸುಣ್ಣ ಕರಗಿಸುತ್ತದೆ, ಯೌವನ ಮರಳಿಸುವುದಿಲ್ಲ. ಸಿಲಿಕೋನ್ ಹಾಕೋಣವೇ ಎಂದು ಕಮಿಟಿಯಲ್ಲೊಬ್ಬರು ಕೇಳಿದರು. ಅದು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ ನಿಜ, ಆದರೆ ಬೇಗ ಹರಿಯುತ್ತದೆ, ದುಬಾರಿ, ಮತ್ತು ಗಡಸು ನೀರಿನ ಸುಣ್ಣ ಅದನ್ನೂ ಬಿಡುವುದಿಲ್ಲ. ಕೊನೆಗೆ ಅಸೋಸಿಯೇಷನ್ ಒಪ್ಪಿದ್ದು 12ಕ್ಕೆ ಮಾತ್ರ. ಹೊಸದು ಹಳತು ಬೆರೆಸಿದರೆ ಮೆತ್ತನೆ ಹೊಸ ರಬ್ಬರು ಸುಲಭಕ್ಕೆ ತೆರೆದು ಗಾಳಿಯ ಸಿಂಹಪಾಲು ಕಸಿದುಕೊಳ್ಳುತ್ತದೆ. ಅದಕ್ಕೇ ಹೊಸ 12ನ್ನೂ ಆ ಎರಡು ಚೌಕಟ್ಟುಗಳಿಗೇ ಹಾಕಿಸಿ, ಆ ಎರಡರ ವಾಲ್ವನ್ನು ಸ್ವಲ್ಪ ಬಿಗಿದು, ನೀರಿನ ಮೇಲೆ ಆರೂ ಕಡೆ ಒಂದೇ ಥರ ಕಾಣುವವರೆಗೆ ಹೊಂದಿಸಿದೆವು. ಗೇಜ್ 0.44. ಮೋಟಾರ್ 8.4 ಆಂಪಿಯರ್.

ಉಳಿದ ಬದಲಾವಣೆಗಳು ಸಣ್ಣವು. ಬ್ಲೋವರ್ ಅಡಿಗೆ ರಬ್ಬರ್ ಪ್ಯಾಡು, ಸುತ್ತ ಶಬ್ದ ತಡೆಯುವ ಗೂಡು, ಜನರೇಟರಿನಿಂದ ಒಂದು ಲೈನು. ರಾತ್ರಿ ಬಂದ್ ಮಾಡುವುದು ನಿಂತಿತು. ಪ್ರತಿ ಸೋಮವಾರ ಒಂದೊಂದೇ ಚೌಕಟ್ಟಿನ ವಾಲ್ವ್ ಐದು ನಿಮಿಷ ಮುಚ್ಚಿ ಮತ್ತೆ ಪೂರ್ತಿ ತೆರೆಯುವುದು: ರಬ್ಬರ್ ಒಮ್ಮೆ ಕುಗ್ಗಿ ಒಮ್ಮೆ ಉಬ್ಬಿದಾಗ ಎಳೆಯ ಸುಣ್ಣದ ಪದರ ಬಿರುಕು ಬಿಟ್ಟು ಉದುರುತ್ತದೆ.

ಗಾಳಿ ಸರಿಹೋದ ದಿನವೇ ನೀರು ಸರಿಹೋಗಲಿಲ್ಲ. ಡಿಒ ನಾಲ್ಕೈದು ದಿನಕ್ಕೆ 1.8 ಮುಟ್ಟಿತು, ಸ್ಲಡ್ಜ್ ಮೆಲ್ಲಗೆ ಕಪ್ಪಿನಿಂದ ಕಂದಿಗೆ ತಿರುಗಿತು, ಮೊಟ್ಟೆ ವಾಸನೆ ಹೋಯಿತು. ಅಮೋನಿಯಾ ಮಾತ್ರ ಮೂರು ವಾರ ಕಾಡಿತು. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸಾವಕಾಶದ ಜೀವ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಯ ಕೊಳಚೆಗೆ ಗಾಳಿ ಊದಿ ಈ ವಿಧಾನವನ್ನು ಕಂಡುಕೊಂಡಾಗ, ಮೊದಲ ಸಲ ಅಮೋನಿಯಾ ಪೂರ್ತಿ ಬದಲಾಗಲು ಅವರಿಗೆ ಐದು ವಾರ ಹಿಡಿದಿತ್ತು. ಕೆಳಗೆ ಕೂತ ಸ್ಲಡ್ಜನ್ನು ಚೆಲ್ಲದೆ ಉಳಿಸಿಕೊಂಡು ಹೊಸ ಕೊಳಚೆ ಸುರಿಯುತ್ತ ಹೋದಂತೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೇ ಪ್ರಾಧ್ಯಾಪಕರಾಗಿ ಬಂದರು. ಅಮೋನಿಯಾ ಇನ್ನೂ ಇಳಿದಿಲ್ಲವಲ್ಲ ಎಂದು ಅಧ್ಯಕ್ಷರು ಫೋನ್ ಮಾಡಿದಾಗ ಈ ಕಥೆ ಹೇಳಿ ಸಮಾಧಾನ ಮಾಡಿದ್ದೆ.

ತಿಂಗಳ ಕೊನೆಯ ಪರೀಕ್ಷೆಯಲ್ಲಿ ಹೊರಬರುವ ನೀರಿನ ಬಿಒಡಿ (ನೀರಿನಲ್ಲಿ ಉಳಿದ ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆಂಬ ಅಳತೆ) ಲೀಟರಿಗೆ 8 ಮಿಲಿಗ್ರಾಂ ಬಂತು. ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ 10.

ಆರು ತಿಂಗಳ ಮೇಲೆ ಹುಡುಗ ಫೋನ್ ಮಾಡಿದ. "ಮೇಡಂ, ಗೇಜ್ 0.46 ತೋರ್ಸ್ಲಾಕತ್ತದ. ಹಳೇ ಚೌಕಟ್ಟಿನ್ಯಾಗ ಗುಳ್ಳಿ ದಪ್ಪ ಆಗ್ಯಾವ. ಆಸಿಡ್ ತರಸ್ಲೇನ್ರಿ?" ತರಿಸು ಅಂದೆ. ಉಳಿದ 24 ತೋಳುಗಳ ವಿಷಯ ಏನಾಯಿತು ಎಂದು ಕೇಳಿದೆ. ವಾರ್ಷಿಕ ಸಭೆಯಲ್ಲಿ ಬಂದಿತ್ತಂತೆ. ಲಾಬಿಯ ಪೇಂಟಿಂಗ್ ಮುಗಿದ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿದ್ದಾರೆ.